ತಿರುಮಲೇಶನ ಸನ್ಮಾನ ಮತ್ತು ಎರಡನೇ ಫ್ಲಾಸ್ಕು

ನಮ್ಮ ಕನ್ನಡ ಬಳಗದಲ್ಲಿ ನನ್ನ ಸ್ಥಾನ ವಂದನಾರ್ಪಣೆ. ಹನ್ನೊಂದು ವರ್ಷದಿಂದ, ಯುಗಾದಿಯಿರಲಿ ರಾಜ್ಯೋತ್ಸವವಿರಲಿ, ಕಾರ್ಯಕ್ರಮ ಪಟ್ಟಿಯ ಕೊನೆಯ ಸಾಲಿನಲ್ಲಿ ‘ವಂದನಾರ್ಪಣೆ: ಶ್ರೀ ಆತ್ರೇಯ’ ಎಂದು ಇದ್ದೇ ಇರುತ್ತದೆ. ನಾನು ಎದ್ದು ಕಾಗದ ಬಿಡಿಸುವ ಹೊತ್ತಿಗೆ ಸಭೆಯೂ ಎದ್ದು ತಟ್ಟೆ ಹಿಡಿದಿರುತ್ತದೆ. ನನ್ನ ಮಾತನ್ನು ಇದುವರೆಗೆ ಪೂರ್ತಿ ಕೇಳಿದವರು ಯಾರೂ ಇಲ್ಲ, ನನ್ನ ಹೆಂಡತಿಯೂ ಸೇರಿ. ಆದರೆ ಇದರಿಂದ ಒಂದು ಲಾಭವಿದೆ. ಯಾರ್ಯಾರಿಗೆ ವಂದಿಸಬೇಕೆಂದು ಗುರುತು ಹಾಕಿಕೊಳ್ಳಬೇಕಾದ್ದರಿಂದ, ಪ್ರತಿ ಕಾರ್ಯಕ್ರಮವನ್ನೂ ಮೊದಲಿನಿಂದ ಕೊನೆಯವರೆಗೆ ಎಚ್ಚರವಾಗಿದ್ದು ನೋಡುವ ಏಕೈಕ ಸದಸ್ಯ ನಾನು. ತಿರುಮಲೇಶನ ಸನ್ಮಾನದ ದಿನ ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾ ಓಡಾಡುತ್ತಿದ್ದಾರೆ. ನನ್ನ ಹತ್ತಿರ ಟಿಪ್ಪಣಿ ಇದೆ, ಗಂಟೆ ನಿಮಿಷದ ಸಮೇತ.

ತಿರುಮಲೇಶ ಲಂಡನ್ನಿನ ಕೆಂಟನ್ನಿನಲ್ಲಿ ನಮ್ಮ ಮನೆಯಿಂದ ಮೂರನೇ ಮನೆಯವನು. ಬೆಂಗಳೂರಿನ ರಾಜಾಜಿನಗರದಿಂದ ಸಾಫ್ಟ್‌ವೇರ್ ಕೆಲಸದ ಮೇಲೆ ಬಂದು ಇಲ್ಲೇ ಉಳಿದವನು. ಹೆಂಡತಿ ನೀರಜಾ, ಹದಿಮೂರು ವರ್ಷದ ಮಗಳು ನಿಖಿತಾ. ಮನುಷ್ಯ ಬಹಳ ಒಳ್ಳೆಯವನು, ಯಾರು ಕೇಳಿದರೂ ಏರ್‌ಪೋರ್ಟಿಗೆ ಕಾರು ತರುತ್ತಾನೆ. ಅವನಿಗಿರುವುದು ಒಂದೇ ದೌರ್ಬಲ್ಯ. ಬಹಳ ಹಿಂದೆ ಕಂಪನಿಯವರು ಅವನನ್ನು ಹನ್ನೊಂದು ವಾರ ನ್ಯೂಜೆರ್ಸಿಗೆ ಕಳಿಸಿದ್ದರು. ಆ ಹನ್ನೊಂದು ವಾರ ಇನ್ನೂ ಮುಗಿದಿಲ್ಲ. ಕೆಂಟನ್ನಿನಲ್ಲಿ ಮಳೆ ಬಂದರೂ, ಬಸ್ಸು ತಪ್ಪಿದರೂ, ಯಾರ ಮನೆಯಲ್ಲಾದರೂ ಸಾರಿಗೆ ಉಪ್ಪು ಕಡಿಮೆಯಾದರೂ ಅವನು, “ನಾನು ಅಮೆರಿಕದಲ್ಲಿದ್ದಾಗ…” ಎಂದು ಶುರುಮಾಡುತ್ತಾನೆ. ಅವನು ಅಲ್ಲಿ ಹೋಟೆಲಿನಿಂದ ಆಫೀಸಿಗೆ, ಆಫೀಸಿನಿಂದ ಹೋಟೆಲಿಗೆ ಓಡಾಡಿದ್ದನ್ನು ಬಿಟ್ಟರೆ ಬೇರೇನೂ ನೋಡಿಲ್ಲವೆಂದು ನೀರಜಾ ನನ್ನ ಹೆಂಡತಿಗೆ ಹೇಳಿದ್ದಾಳೆ.

ಈ ವರ್ಷ ನಿಖಿತಾಳ ಶಾಲೆಯಲ್ಲಿ ಹಿಸ್ಟರಿ ಪ್ರಾಜೆಕ್ಟ್ ಕೊಟ್ಟರು. ಅವಳು ಆರಿಸಿಕೊಂಡದ್ದು ಅಮೆರಿಕದ ಇತಿಹಾಸದಲ್ಲಿ ಬಾಸ್ಟನ್ ಟೀ ಪಾರ್ಟಿ. ಸಾವಿರದ ಏಳುನೂರ ಎಪ್ಪತ್ತಮೂರರಲ್ಲಿ ಬಾಸ್ಟನ್ನಿನ ಜನ ಬ್ರಿಟಿಷರ ಮೇಲಿನ ಸಿಟ್ಟಿಗೆ ಹಡಗು ಹತ್ತಿ ಚಹಾ ಪೆಟ್ಟಿಗೆಗಳನ್ನೆಲ್ಲ ಸಮುದ್ರಕ್ಕೆ ಸುರಿದ ಪ್ರಸಂಗ. ಚೆನ್ನಾಗಿ ಮಾಡಿದವರನ್ನು ಅಕ್ಸ್‌ಬ್ರಿಡ್ಜಿನ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ನಡೆಯುವ ಶಾಲೆಗಳ ಸ್ಪರ್ಧೆಗೆ ಕಳಿಸುತ್ತಾರೆ. ಆದರೆ ಅದಕ್ಕೊಂದು ಶರತ್ತಿತ್ತು. ಶಾಲೆಗೆ ಸಂಬಂಧವಿಲ್ಲದ ಹದಿನೈದು ಜನ ದೊಡ್ಡವರ ಮುಂದೆ ಹತ್ತು ನಿಮಿಷ ಮಾತಾಡಬೇಕು, ಅವರಿಂದ ಅಭಿಪ್ರಾಯದ ಚೀಟಿ ಬರೆಸಿಕೊಂಡು ಸೋಮವಾರ ಬೆಳಿಗ್ಗೆ ಒಪ್ಪಿಸಬೇಕು. ಚೀಟಿ ಇಲ್ಲದಿದ್ದರೆ ಅಕ್ಸ್‌ಬ್ರಿಡ್ಜ್ ಇಲ್ಲ.

ಹುಡುಗಿ ಆರು ವಾರ ಮೈಮುರಿದು ದುಡಿದಳು. ಶನಿವಾರ ಶನಿವಾರ ಲೈಬ್ರರಿಗೆ ಹೋದಳು. ನೀರಜಾಳನ್ನು ಡಾಕ್‌ಲ್ಯಾಂಡ್ಸ್‌ವರೆಗೆ ಎಳೆದುಕೊಂಡು ಹೋಗಿ ಹಡಗುಕಟ್ಟೆಯ ಹಳೆಯ ಉಗ್ರಾಣಗಳನ್ನು ನೋಡಿ ಬಂದಳು. ಡೈನಿಂಗ್ ಟೇಬಲ್ಲಿನಷ್ಟು ಉದ್ದದ ಚಾರ್ಟಿನಲ್ಲಿ ಮೂರು ಹಡಗು ಬರೆದು, ಸಮುದ್ರಕ್ಕೆ ಬಿದ್ದ ಪೆಟ್ಟಿಗೆಗಳನ್ನು ಒಂದೊಂದಾಗಿ ಕಂದು ಕಾಗದದಲ್ಲಿ ಕತ್ತರಿಸಿ ಅಂಟಿಸಿದಳು. ಮುನ್ನೂರ ನಲವತ್ತೆರಡು.

“ಪುಟ್ಟಿ, ಯಾರು ಕೂತ್ಕೊಂಡು ಎಣಿಸ್ತಾರೆ? ಒಂದು ನೂರು ಅಂಟಿಸು, ಸಾಕು” ಎಂದ ತಿರುಮಲೇಶ. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ.

“ಥ್ರೀ ಹಂಡ್ರೆಡ್ ಅಂಡ್ ಫಾರ್ಟಿ ಟೂ, ಅಪ್ಪ” ಎಂದಳು ನಿಖಿತಾ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಡು ಯು ನೋ ವೈ ದೇ ಡಿಡ್ ಇಟ್?”

“ಅದೇನು ಮಹಾ! ಟ್ಯಾಕ್ಸ್ ಜಾಸ್ತಿ ಆಯ್ತು, ಟೀ ರೇಟ್ ಏರಿತು, ತಲೆಕೆಟ್ಟು ಎಸೆದ್ರು. ನಾನು ಅಮೆರಿಕದಲ್ಲಿದ್ದಾಗ…”

“ನೋ, ಅಪ್ಪ” ಎಂದು ನಿಖಿತಾ ವಿವರಿಸತೊಡಗಿದಳು. ಅಷ್ಟರಲ್ಲಿ ಅವನಿಗೆ ಫೋನು ಬಂತು, ಎದ್ದು ಹೋದ. ಅವಳು ನನಗೇ ವಿವರಿಸಿದಳು. ನಾನು ಹೂಂಗುಟ್ಟಿದೆ. ನಿಜ ಹೇಳಬೇಕೆಂದರೆ ನಾನೂ ಕೇಳಿಸಿಕೊಳ್ಳಲಿಲ್ಲ, ಚಕ್ಕುಲಿ ಗಟ್ಟಿಯಾಗಿತ್ತು.

ಹದಿನೈದು ಜನರನ್ನು ಸೇರಿಸುವ ಹೊಣೆ ತಿರುಮಲೇಶನದು. ಮಂಗಳವಾರ ಬೆಳಿಗ್ಗೆ ಆಫೀಸಿಗೆ ಹೋಗುತ್ತಾ ಟ್ಯೂಬ್ ರೈಲಿನಲ್ಲಿ ನಿಂತೇ ಬಳಗದ ವಾಟ್ಸಾಪ್ ಗ್ರೂಪಿಗೆ ಬರೆದ: ‘ಬರುವ ಭಾನುವಾರ ನಮ್ಮ ಮನೆಯಲ್ಲಿ ಅಮೆರಿಕದ ಇತಿಹಾಸದ ಬಗ್ಗೆ ಹತ್ತು ನಿಮಿಷದ ಮಾತು. ದಯವಿಟ್ಟು ಬನ್ನಿ. ಟೀ, ತಿಂಡಿ ಇದೆ.’ ಮಾತಾಡುವವರು ಯಾರು ಎಂದು ಮುಂದಿನ ಸಾಲಿನಲ್ಲಿ ಬರೆಯುವವನಿದ್ದ. ಅಷ್ಟರಲ್ಲಿ ರೈಲು ಸುರಂಗ ಹೊಕ್ಕು ಸಿಗ್ನಲ್ ಹೋಯಿತು.

ಅವನು ಮೇಲೆ ಬರುವಷ್ಟರಲ್ಲಿ ಮೂವತ್ತೇಳು ಸಂದೇಶ ಬಂದಿದ್ದವು. ಮೊದಲನೆಯದು ಬಳಗದ ಅಧ್ಯಕ್ಷರಾದ ಡಾಕ್ಟರ್ ನರಸಿಂಹಮೂರ್ತಿಯವರದು. ಮೈಸೂರಿನವರು, ದೊಡ್ಡ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು, ಇಪ್ಪತ್ತೆಂಟು ವರ್ಷದಲ್ಲಿ ತಿರುಮಲೇಶನನ್ನು ಹೆಸರು ಹಿಡಿದು ಕರೆದದ್ದು ಕಾರು ನಿಲ್ಲಿಸುವ ಜಾಗ ತೋರಿಸಲು ಮಾತ್ರ. ಅಂಥವರು ಬರೆದಿದ್ದರು: ‘ತಿರುಮಲೇಶರೇ, ಅಭಿನಂದನೆಗಳು! ಅಮೆರಿಕದ ಇತಿಹಾಸದಲ್ಲಿ ತಮಗಿರುವ ಪಾಂಡಿತ್ಯವನ್ನು ಇಷ್ಟು ದಿನ ನಮ್ಮಿಂದ ಮುಚ್ಚಿಟ್ಟಿದ್ದು ಸರಿಯೇ? ಇದು ಮನೆಯಲ್ಲಿ ಆಗುವ ಕಾರ್ಯಕ್ರಮವಲ್ಲ. ಹಾಲ್ ಬುಕ್ ಮಾಡೋಣ.’

ತಿರುಮಲೇಶ ಇದನ್ನು ಸ್ಟೇಷನ್ನಿನ ಮೆಟ್ಟಿಲ ಮೇಲೆ ನಿಂತು ನಾಲ್ಕು ಸಲ ಓದಿದ. ಹಿಂದಿನವರು ಬೈದುಕೊಂಡು ದಾಟಿ ಹೋದರು. ಅವನು ‘ಅಯ್ಯೋ ಸಾರ್, ನಾನಲ್ಲ, ಮಗಳು’ ಎಂದು ಟೈಪ್ ಮಾಡಿದ. ಅಳಿಸಿದ. ‘ಸಾರ್, ಒಂದು ಸಣ್ಣ ತಿದ್ದುಪಡಿ’ ಎಂದು ಬರೆದ. ಅದನ್ನೂ ಅಳಿಸಿದ. ಕೊನೆಗೆ ‘ಎಲ್ಲಾ ತಮ್ಮ ಆಶೀರ್ವಾದ’ ಎಂದು ಕಳಿಸಿ, ಎರಡು ಕೈಮುಗಿದ ಚಿತ್ರ ಹಾಕಿದ. ಇದನ್ನೆಲ್ಲ ಅವನೇ ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡಿದ್ದಾನೆ. ಐದು ನಿಮಿಷ ತಾನು ಆರಂಭದ ಮಾತಾಡಿ ಮಗಳಿಗೆ ಹತ್ತು ನಿಮಿಷ ಬಿಟ್ಟುಕೊಟ್ಟರಾಯಿತು, ಯಾರಿಗೂ ನಷ್ಟವಿಲ್ಲ ಎಂದು ಅವನ ಲೆಕ್ಕಾಚಾರ.

ಆದರೆ ನಮ್ಮಲ್ಲಿ ಹಾಲ್ ಬುಕ್ ಆಯಿತೆಂದರೆ ಅದು ಕಾರ್ಯಕ್ರಮ. ಕಾರ್ಯಕ್ರಮವೆಂದ ಮೇಲೆ ಪ್ರಾರ್ಥನೆ, ದೀಪ, ಸ್ವಾಗತ, ಅತಿಥಿ ಪರಿಚಯ, ಸನ್ಮಾನ, ಅಧ್ಯಕ್ಷರ ಮಾತು, ವಂದನಾರ್ಪಣೆ. ಇವಿಷ್ಟೂ ಆದರೆ ಕಾರ್ಯಕ್ರಮ ಆದಂತೆ. ನಡುವೆ ವಿಷಯ ಒಂದು ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು. ಬುಧವಾರ ಸಂಜೆ ಕಾರ್ಯದರ್ಶಿ ಲಕ್ಷ್ಮೀಶ ಪೋಸ್ಟರ್ ಹಾಕಿದ. ಮೇಲೆ ‘ಬಾಸ್ಟನ್ ಟೀ ಪಾರ್ಟಿ’ ಎಂಬ ವಿಷಯ, ನಡುವೆ ತಿರುಮಲೇಶನ ಹಳೆಯ ಕೋಟಿನ ಫೋಟೋ, ಕೆಳಗೆ ‘ಅಮೆರಿಕ ತಜ್ಞರು’ ಎಂಬ ಬಿರುದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪ್ರಾರ್ಥನೆ: ಕುಮಾರಿ ನಿಖಿತಾ.’

ಇದು ಲಕ್ಷ್ಮೀಶನ ತಪ್ಪಲ್ಲ. ಬಳಗದಲ್ಲಿ ಹದಿನಾರು ವರ್ಷದೊಳಗಿನ ಹೆಣ್ಣುಮಗು ಕಂಡರೆ ಪ್ರಾರ್ಥನೆಗೆ ಹಾಕುವುದು ರೂಢಿ. ಯಾರನ್ನೂ ಕೇಳುವ ಪದ್ಧತಿ ಇಲ್ಲ.

ಪೋಸ್ಟರ್ ನೋಡಿ ನೀರಜಾ ಅಡಿಗೆಮನೆಯಿಂದಲೇ ಕೂಗಿದ್ದು ನಮ್ಮ ಮನೆಗೆ ಕೇಳಿಸಿತು. ನಾನು ಹೋದಾಗ ತಿರುಮಲೇಶ ಸೋಫಾದ ತುದಿಯಲ್ಲಿ ಕೂತಿದ್ದ.

“ನಿಮಗೆ ಬುದ್ಧಿ ಇದ್ಯೇನ್ರೀ? ಆರು ವಾರದಿಂದ ಮಗು ಒದ್ದಾಡ್ತಿದೆ. ತಜ್ಞರಂತೆ! ನ್ಯೂಜೆರ್ಸಿಲಿ ಲಾಂಡ್ರಿ ಎಲ್ಲಿತ್ತು ಅಂತಾದ್ರೂ ಗೊತ್ತಾ ನಿಮಗೆ?”

“ಹಾಗಲ್ಲ ಕಣೇ, ಡಾಕ್ಟರು ಅಷ್ಟು ಪ್ರೀತಿಯಿಂದ ಬರೆದಿದ್ದಾರೆ. ಮನಸ್ಸು ನೋಯಿಸೋದು ಹೇಗೆ?”

“ನಾಳೆಯೇ ಫೋನ್ ಮಾಡಿ ಹೇಳಿ.”

“ಹೇಳ್ತೀನಿ, ಹೇಳ್ತೀನಿ. ಆದ್ರೆ ಹಾಲ್ ಬುಕ್ ಆಗೋಗಿದೆಯಲ್ಲ.”

ನಿಖಿತಾ ಪೋಸ್ಟರನ್ನು ನಿಧಾನವಾಗಿ ನೋಡಿ ಫೋನನ್ನು ಅಪ್ಪನ ಕೈಗೆ ವಾಪಸ್ಸು ಕೊಟ್ಟಳು. “ಐ ಗೆಟ್ ಟೆನ್ ಮಿನಿಟ್ಸ್?” ಎಂದು ಕೇಳಿದಳು.

“ಹತ್ತಲ್ಲ, ಹನ್ನೆರಡು ತಗೋ. ದೇವರಾಣೆ!” ಎಂದ ತಿರುಮಲೇಶ.

ಶನಿವಾರ ಅವನು ನನ್ನನ್ನು ಪಂಜಾಬಿ ಅಂಗಡಿಗಳಿರುವ ಸೌತ್‌ಹಾಲಿಗೆ ಕರೆದುಕೊಂಡು ಹೋದ. ಸನ್ಮಾನಕ್ಕೆ ಶಾಲು, ಹಾರ, ಮೈಸೂರು ಪೇಟ ಬೇಕಿತ್ತು. ಲಕ್ಷ್ಮೀಶನ ಕಾರು ಗ್ಯಾರೇಜಿನಲ್ಲಿತ್ತು, ಡಾಕ್ಟರಿಗೆ ಡ್ಯೂಟಿ. ಹೀಗಾಗಿ ಸನ್ಮಾನಿತರೇ ಹೋಗಿ ತಮ್ಮ ಸನ್ಮಾನದ ಸಾಮಗ್ರಿ ತರಬೇಕಾಯಿತು. ತಿರುಮಲೇಶ ಇದನ್ನು ಬೇಸರವಿಲ್ಲದೆ ಮಾಡಿದ. ಅಲ್ಲಿನ ಬ್ರಾಡ್‌ವೇ ರಸ್ತೆಯ ಮೂರು ಅಂಗಡಿ ಹತ್ತಿಳಿದು ಕಡುನೀಲಿ ಶಾಲು ತನಗೆ ಒಪ್ಪುತ್ತದೋ ಕೇಸರಿಯೋ ಎಂದು ಕನ್ನಡಿಯ ಮುಂದೆ ಬಹಳ ಹೊತ್ತು ಯೋಚಿಸಿದ. ಮೈಸೂರು ಪೇಟ ಎಲ್ಲೂ ಸಿಗಲಿಲ್ಲ. ಕೊನೆಯ ಅಂಗಡಿಯ ಸರ್ದಾರ್ಜಿ ಗುಲಾಬಿ ಬಣ್ಣದ, ಮುಂದೆ ಹೊಳೆಯುವ ಕಲ್ಲಿಟ್ಟ, ಹಿಂದೆ ಮೊಣಕಾಲವರೆಗೆ ಬಾಲ ಇಳಿಬಿಟ್ಟ ಒಂದು ಪೇಟ ತೆಗೆದು, “ದೂಲ್ಹಾ ಕೌನ್ ಹೈ?” ಎಂದು ಕೇಳಿದರು. ಮದುಮಗ ಯಾರು ಎಂದು.

“ಇವರೇ” ಎಂದೆ ನಾನು.

ಸರ್ದಾರ್ಜಿ ತಿರುಮಲೇಶನ ನರೆತ ಮೀಸೆಯನ್ನು ನೋಡಿ ಒಂದು ಡಬ್ಬಿ ಸಿಹಿ ಕೈಗಿತ್ತರು. ಬಾಲ ಒಳಗೆ ಮಡಚಿ ಪಿನ್ನು ಹಾಕಿದರೆ ಗೊತ್ತಾಗುವುದಿಲ್ಲವೆಂದು ತಿರುಮಲೇಶ ತೀರ್ಮಾನಿಸಿದ. ವಾಪಸ್ಸು ಬರುವ ದಾರಿಯಲ್ಲಿ ನಾನು ಕೇಳಿದೆ, “ಡಾಕ್ಟರಿಗೆ ಫೋನ್ ಮಾಡಿದ್ಯೇನೋ?” ಅವನು ಸಿಗ್ನಲ್ಲನ್ನು ಗಮನವಿಟ್ಟು ನೋಡುತ್ತಾ, “ಅಲ್ಲೇ ವೇದಿಕೆ ಮೇಲೆ ಹೇಳ್ತೀನಿ ಕಣೋ, ಚೆನ್ನಾಗಿರುತ್ತೆ” ಎಂದ.

ಭಾನುವಾರ ಹಾಲ್ ನಮಗೆ ಎರಡರಿಂದ ನಾಲ್ಕರವರೆಗೆ. ನಾಲ್ಕಕ್ಕೆ ಜುಂಬಾ ಎಂಬ ಕುಣಿತದ ವ್ಯಾಯಾಮದ ಕ್ಲಾಸಿನ ಹೆಂಗಸರು ಬರುತ್ತಾರೆ, ಒಂದು ನಿಮಿಷ ಹೆಚ್ಚಿಗೆ ಸಿಗುವುದಿಲ್ಲವೆಂದು ಕೇರ್‌ಟೇಕರ್ ಬ್ಯಾರಿ ಮೂರು ಸಲ ಹೇಳಿದ. ನಾವು ಮೂರು ಸಲ ತಲೆಯಾಡಿಸಿದೆವು. ಇನ್ನು ನನ್ನ ಟಿಪ್ಪಣಿ.

ಎರಡು ಗಂಟೆಗೆ ಹಾಲಿನಲ್ಲಿದ್ದವರು ನಿಖಿತಾ, ನಾನು, ಬ್ಯಾರಿ. ನಿಖಿತಾ ಪ್ರತಿ ಕುರ್ಚಿಯ ಮೇಲೆ ಒಂದು ಚೀಟಿ, ಒಂದು ಪೆನ್ಸಿಲ್ ಇಟ್ಟಳು. ಎರಡು ನಲವತ್ತಕ್ಕೆ ನಲವತ್ತಮೂರು ಜನ ಸೇರಿದರು. ಅರ್ಧದಷ್ಟು ಜನ ಚೀಟಿಯ ಮೇಲೇ ಕೂತರು.

ಎರಡು ನಲವತ್ತೆರಡಕ್ಕೆ ಪ್ರಾರ್ಥನೆ. ನಿಖಿತಾ ಗಣಪತಿಯ ಸ್ತುತಿ ಹಾಡಿ ಹೋಗಿ ಮೊದಲ ಸಾಲಿನಲ್ಲಿ ಚಾರ್ಟಿನ ಸುರುಳಿ ಮಡಿಲಲ್ಲಿಟ್ಟುಕೊಂಡು ಕೂತಳು.

ದೀಪ ಬೆಳಗುವುದಕ್ಕೆ ಬ್ಯಾರಿ ಬಿಡಲಿಲ್ಲ, ಹೊಗೆ ಅಲಾರಂ ಬಡಿದುಕೊಳ್ಳುತ್ತದಂತೆ. ಲಕ್ಷ್ಮೀಶ ಬ್ಯಾಟರಿ ದೀಪ ತಂದಿದ್ದ. ಐದು ಜನ ಗಣ್ಯರು ಸುತ್ತ ನಿಂತು ಆ ಪುಟ್ಟ ಸ್ವಿಚ್ಚಿನ ಮೇಲೆ ಬೆರಳು ಸೇರಿಸಿ ಒತ್ತಿದರು. ಮೊದಲ ಬೆರಳಿಗೆ ಹತ್ತಿದ್ದು ಎರಡನೇ ಬೆರಳಿಗೆ ಆರಿತು. ಫೋಟೋಗೆ ಸರಿಯಾಗಿ ಬರಲಿಲ್ಲವೆಂದು ಮತ್ತೆ ಹೊತ್ತಿಸಿದರು. ಹೀಗೆ ಎಂಟು ನಿಮಿಷ.

ಅತಿಥಿ ಪರಿಚಯವನ್ನು ಲಕ್ಷ್ಮೀಶ ಹದಿನೈದು ನಿಮಿಷ ಮಾಡಿದ. ತಿರುಮಲೇಶನಿಗೆ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎಷ್ಟು ಅಂಕ ಬಂದಿತ್ತು, ಅವನ ಸೋದರಮಾವ ಯಾವ ಬ್ಯಾಂಕಿನಲ್ಲಿದ್ದರು ಎಂಬುದೆಲ್ಲ ಅಂದು ಬೆಳಕಿಗೆ ಬಂತು. ಹನ್ನೊಂದು ವಾರ ಎಂಬುದನ್ನು ಲಕ್ಷ್ಮೀಶ “ಅಮೆರಿಕದಲ್ಲಿ ಸುದೀರ್ಘ ವಾಸ” ಎಂದ. ನೀರಜಾ ಎದ್ದು ಅಡಿಗೆಕೋಣೆಗೆ ಹೋದಳು.

ಮೂರು ಎಂಟಕ್ಕೆ ಸನ್ಮಾನ. ಪೇಟ ತೊಡಿಸುವಾಗ ಪಿನ್ನು ಕಿತ್ತುಬಂದು ಬಾಲ ಬಿಚ್ಚಿಕೊಂಡು ಇಳಿಯಿತು. ಡಾಕ್ಟರು ಅದನ್ನು ಶಾಲಿನ ಭಾಗವೆಂದು ತಿಳಿದು ತಿರುಮಲೇಶನ ಕೊರಳಿಗೇ ಎರಡು ಸುತ್ತು ಸುತ್ತಿದರು. ಆಮೇಲೆ ಪ್ರತಿ ಕುಟುಂಬದವರೂ ಬಂದು ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನಿಖಿತಾ ಮೊದಲ ಸಾಲಿನಿಂದ ಅಪ್ಪನನ್ನು ನೋಡಿದಳು. ತಿರುಮಲೇಶ ಶಾಲಿನ ಒಳಗಿಂದ ಎರಡು ಬೆರಳು ತೋರಿಸಿದ, ಇನ್ನೆರಡೇ ನಿಮಿಷ ಎಂದು.

ಡಾಕ್ಟರ್ ನರಸಿಂಹಮೂರ್ತಿ ತಮಗೆ ಆಮೇಲೆ ಆಸ್ಪತ್ರೆಯಿರುವುದರಿಂದ ಅಧ್ಯಕ್ಷರ ಮಾತನ್ನು ಮೊದಲೇ ಆಡಿಬಿಡುವುದಾಗಿ ಹೇಳಿದರು. “ಎರಡೇ ಮಾತು” ಎಂದು ಆರಂಭಿಸಿದರು. ಬಾಸ್ಟನ್ನಿನಲ್ಲಿ ಸುರಿದ ಚಹಾ ಈಸ್ಟ್ ಇಂಡಿಯಾ ಕಂಪನಿಯದು, ಅದೇ ಕಂಪನಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ದು ಎಂದು ಅಲ್ಲಿಂದ ಮೈಸೂರಿಗೆ ಹೋದವರು ಹನ್ನೆರಡು ನಿಮಿಷ ವಾಪಸ್ಸು ಬರಲಿಲ್ಲ. ತಾವು ಓದಿದ ಮೆಡಿಕಲ್ ಕಾಲೇಜಿನ ಕ್ಯಾಂಟೀನಿನ ಮಸಾಲೆ ದೋಸೆಯೊಂದಿಗೆ ಮಾತು ಮುಗಿಸಿದರು. ಜೋರು ಚಪ್ಪಾಳೆ.

ಮೂರು ಮೂವತ್ತೆರಡಕ್ಕೆ ತಿರುಮಲೇಶ ಮೈಕಿನ ಮುಂದೆ ಬಂದ. ಈಗಲಾದರೂ ಹೇಳುತ್ತಾನೆಂದು ನಾನು ಕುರ್ಚಿಯ ಅಂಚಿಗೆ ಬಂದೆ. ಅವನು ಗಂಟಲು ಸರಿಮಾಡಿಕೊಂಡ. ನಲವತ್ತಮೂರು ಜನ ಅವನನ್ನೇ ನೋಡುತ್ತಿದ್ದರು. ಇಷ್ಟು ಜನ ತನ್ನನ್ನು ನೋಡುವುದು ಅವನ ಮದುವೆಯ ನಂತರ ಇದೇ ಮೊದಲು.

“ನಾನು ಅಮೆರಿಕದಲ್ಲಿದ್ದಾಗ…” ಎಂದ ತಿರುಮಲೇಶ.

ಎಂಟು ನಿಮಿಷ ನ್ಯೂಜೆರ್ಸಿಯಾಯಿತು. ಕೊನೆಗೆ ವಿಷಯಕ್ಕೆ ಬಂದು, ಚಹಾದ ಮೇಲೆ ತೆರಿಗೆ ಏರಿ, ಬೆಲೆ ಗಗನಕ್ಕೆ ಹೋಗಿ, ಜನ ರೊಚ್ಚಿಗೆದ್ದು ಸಮುದ್ರಕ್ಕೆ ಎಸೆದರು ಎಂದು ಒಂದೇ ಉಸಿರಿನಲ್ಲಿ ಹೇಳಿದ. ನಿಖಿತಾ ಕಣ್ಣು ಮುಚ್ಚಿಕೊಂಡಳು.

ಹಿಂದಿನ ಸಾಲಿನಿಂದ ಡಾಕ್ಟರ್ ಗುರುದೇವಿ ಕೈಯೆತ್ತಿದರು. ಧಾರವಾಡದವರು, ಮಕ್ಕಳ ಡಾಕ್ಟರು. ಅವರಿಗೆ ಸಂಶಯ ಬಂದರೆ ಕೇಳದೆ ಬಿಡುವುದಿಲ್ಲ.

“ತಿರುಮಲೇಶ ಅವರ, ಎಷ್ಟ್ ಪೆಟಗಿ ಒಗದ್ರು ರೀ ಅವ್ರು?”

“ಸುಮಾರು… ಒಂದು ನೂರು, ಮೇಡಂ.”

ನಿಖಿತಾಳ ತುಟಿ ಸದ್ದಿಲ್ಲದೆ ಅಲ್ಲಾಡಿತು. ಏನೆಂದಳೆಂದು ನನಗೆ ಗೊತ್ತಾಯಿತು.

“ಮತ್ತ ಅದು ಎಲ್ಲಿ ಚಾ ರೀ? ಅಸ್ಸಾಮಿಂದೇನು?”

“ಅಸ್ಸಾಂ, ಅಸ್ಸಾಂ. ಸ್ವಲ್ಪ ನೀಲಗಿರಿನೂ ಮಿಕ್ಸ್ ಇತ್ತು” ಎಂದ ತಿರುಮಲೇಶ, ಈಗ ಅವನಿಗೆ ಧೈರ್ಯ ಬಂದಿತ್ತು.

ಗುರುದೇವಿ “ಹಂಗೇನು?” ಎಂದು ಕೂತರು. ಕೂತ ರೀತಿಯಲ್ಲಿ ನಂಬಿಕೆ ಇರಲಿಲ್ಲ.

ಮೂರು ನಲವತ್ತೈದು. ಅಧ್ಯಕ್ಷರು ಗಡಿಯಾರ ನೋಡಿ, “ಅದ್ಭುತವಾದ ಉಪನ್ಯಾಸ. ಈಗ ವಂದನಾರ್ಪಣೆ, ನಂತರ ಎಲ್ಲರಿಗೂ ಟೀ ವ್ಯವಸ್ಥೆ ಇದೆ” ಎಂದು ಘೋಷಿಸಿದರು. ಟೀ ಎಂಬ ಮಾತು ಕಿವಿಗೆ ಬಿದ್ದದ್ದೇ ಸಭೆ ಎದ್ದಿತು. ತಿರುಮಲೇಶನ ಜೊತೆ ಯಾರೋ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು, ಅವನು ಪೇಟ ಸರಿಮಾಡಿಕೊಳ್ಳುತ್ತಿದ್ದ. ಮಗಳನ್ನು ಅವನು ಮರೆತೇಬಿಟ್ಟಿದ್ದ. ನಾನು ಅವನನ್ನು ಆಡಿಕೊಳ್ಳುವ ಹಾಗಿಲ್ಲ. ಆ ಕ್ಷಣ ನಾನೂ ಎದ್ದು ನಿಂತು ನನ್ನ ಕಾಗದ ಬಿಡಿಸುತ್ತಿದ್ದೆ. ಇವತ್ತಿಗೂ ನೆನೆಸಿಕೊಂಡರೆ ನನಗೆ ನಾಚಿಕೆಯಾಗುತ್ತದೆ.

ಹಾಲಿನ ಪಕ್ಕದಲ್ಲೇ ಅಡಿಗೆಕೋಣೆ, ನಡುವೆ ದೊಡ್ಡ ಕಿಟಕಿ. ಒಳಗೆ ಸಿಂಕಿನ ಪಕ್ಕದ ಕಟ್ಟೆಯ ಮೇಲೆ ನಲ್ಲಿಯಿರುವ ಎರಡು ದೊಡ್ಡ ಸ್ಟೀಲ್ ಫ್ಲಾಸ್ಕು. ನಲ್ಲಿಯಿಂದ ತೊಟ್ಟಿಕ್ಕಿದ್ದು ಸಿಂಕಿಗೇ ಬೀಳಲೆಂದು ನೀರಜಾ ಹಾಗೆ ಇಟ್ಟಿದ್ದಳು. ಬೆಳಿಗ್ಗೆಯಿಂದ ಶುಂಠಿ, ಏಲಕ್ಕಿ ಕುಟ್ಟಿ ಮಾಡಿದ ಟೀ. ನಿಖಿತಾ ಜನರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋಗಿ, ಮೊದಲನೇ ಫ್ಲಾಸ್ಕಿನ ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

ಟೀ ಸಿಂಕಿಗೆ ಸುರಿಯತೊಡಗಿತು. ಶುಂಠಿಯ ಘಮ ಹಾಲನ್ನೆಲ್ಲ ತುಂಬಿತು. ಸಾಲಿನಲ್ಲಿ ನಿಂತಿದ್ದ ನಲವತ್ತಮೂರು ಜನ ಕಿಟಕಿಯಲ್ಲಿ ಇದನ್ನು ನೋಡಿದರು. ಬಳಗದ ಇತಿಹಾಸದಲ್ಲಿ ಎಲ್ಲರೂ ಒಟ್ಟಿಗೆ ಬಾಯಿ ಮುಚ್ಚಿದ್ದು ಅದೇ ಮೊದಲು.

“ಮಗು, ನಲ್ಲಿ ತೆರೆದಿದೆ! ಟೀ ಹೋಗ್ತಾ ಇದೆ!” ಎಂದರು ಡಾಕ್ಟರ್ ನರಸಿಂಹಮೂರ್ತಿ.

“ಗೊತ್ತು ಅಂಕಲ್” ಎಂದಳು ನಿಖಿತಾ.

ಲಕ್ಷ್ಮೀಶ “ನೀರಜಾ ಅವರೇ, ಹಿಡೀರಿ!” ಎಂದು ಕೂಗಿದ. ನೀರಜಾ ಪಕ್ಕದಲ್ಲೇ ನಿಂತಿದ್ದಳು. ಬಿಸ್ಕತ್ತಿನ ತಟ್ಟೆ ಜೋಡಿಸುವುದರಲ್ಲಿ ಬಹಳ ಮಗ್ನಳಾಗಿದ್ದಳು.

ಫ್ಲಾಸ್ಕು ಖಾಲಿಯಾಗುವವರೆಗೆ ನಿಖಿತಾ ಕಾದಳು. ಆಮೇಲೆ ಎರಡನೇ ಫ್ಲಾಸ್ಕಿನ ನಲ್ಲಿಯ ಮೇಲೆ ಕೈಯಿಟ್ಟು ನಮ್ಮ ಕಡೆ ತಿರುಗಿದಳು. ಸಿಟ್ಟು ಬಂದರೆ ಅವಳ ಬಾಯಲ್ಲಿ ಕನ್ನಡ ಬರುತ್ತದೆಂದು ನಮಗೆ ಅವತ್ತೇ ಗೊತ್ತಾದದ್ದು.

“ಅಪ್ಪ ಹೇಳಿದ್ದು ತಪ್ಪು. ಟೀ ರೇಟ್ ಜಾಸ್ತಿ ಆಗಿರ್ಲಿಲ್ಲ. ಕಮ್ಮಿ ಆಗಿತ್ತು. ಚೀಪ್ ಟೀನೇ ಅವರು ಎಸೆದಿದ್ದು. ಯಾಕಂದ್ರೆ ಲಂಡನ್ನಲ್ಲಿ ಕೂತ್ಕೊಂಡು ಎಲ್ಲಾ ಬ್ರಿಟಿಷರೇ ಡಿಸೈಡ್ ಮಾಡಿದ್ರು. ಬಾಸ್ಟನ್ ಜನರನ್ನ ಯಾರೂ ಒಂದು ಮಾತು ಕೇಳ್ಲಿಲ್ಲ. ಇವತ್ತು ಇದು ನಂದು ಪ್ರಾಜೆಕ್ಟು. ನನ್ನನ್ನೂ ಯಾರೂ ಕೇಳ್ಲಿಲ್ಲ. ಪ್ರಾರ್ಥನೆ ಅಂತ ಹಾಕಿದ್ರು, ಹೇಳ್ದೆ. ಒಂದು ಫ್ಲಾಸ್ಕ್ ಹೋಯ್ತು. ಇನ್ನೊಂದು ಇದೆ. ನಂಗೆ ಹತ್ತು ನಿಮಿಷ ಬೇಕು.”

ಮೊದಲು ಅಲುಗಾಡಿದವರು ಗುರುದೇವಿ. “ಕೂಡ್ರಿ, ಎಲ್ಲಾರೂ ಕೂಡ್ರಿ! ಖರೇ ಮಾತಾಡುವಾಕಿ ಈಗ ಎದ್ದಾಳ. ಡಾಕ್ಟ್ರ, ನೀವೂ ಕೂಡ್ರಿ, ಆಸ್ಪತ್ರಿ ಎಲ್ಲಿಗೂ ಓಡಿ ಹೋಗಂಗಿಲ್ಲ” ಎಂದರು. ಡಾಕ್ಟರು ಕೂತರು. ಉಳಿದವರೂ ಕೂತರು, ಈ ಸಲ ಚೀಟಿ ಕೈಗೆತ್ತಿಕೊಂಡು.

ತಿರುಮಲೇಶ ವೇದಿಕೆಯ ಮೇಲೆ ಒಬ್ಬನೇ ನಿಂತಿದ್ದ. ಮುಖ ಪೇಟಕ್ಕಿಂತ ಕೆಂಪಾಗಿತ್ತು. ಅವನು ಮೈಕಿನ ಹತ್ತಿರ ಬಂದು, “ಈ ಮಾತು ನನ್ನದಲ್ಲ, ನನ್ನ ಮಗಳದ್ದು. ಮೊದಲಿಂದಲೂ ಅವಳದ್ದೇ. ಮಂಗಳವಾರವೇ ಹೇಳಬೇಕಿತ್ತು. ಸನ್ಮಾನದ ಆಸೆಗೆ ಹೇಳಲಿಲ್ಲ” ಎಂದ. ಹನ್ನೊಂದು ವರ್ಷದಲ್ಲಿ ಆ ಮೈಕಿನಲ್ಲಿ ನಾನು ಕೇಳಿದ ಅತ್ಯಂತ ಚಿಕ್ಕ ಭಾಷಣ ಅದು.

ಚಾರ್ಟು ನೇತುಹಾಕಲು ಗೋಡೆಯಲ್ಲಿ ಮೊಳೆ ಇರಲಿಲ್ಲ. ತಿರುಮಲೇಶ ಒಂದು ತುದಿ ಹಿಡಿದ, ಇನ್ನೊಂದು ತುದಿ ನಾನು ಹಿಡಿದೆ. ಹತ್ತು ನಿಮಿಷ ಅವನು ಕೈ ಇಳಿಸಲಿಲ್ಲ. ಪೇಟದ ಬಾಲ ಬಿಚ್ಚಿಕೊಂಡು ಕಣ್ಣ ಮುಂದೆ ಬಂದಾಗ ಊದಿ ಊದಿ ಸರಿಸಿಕೊಂಡ.

ನಿಖಿತಾ ಮಾತಾಡಿದಳು. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಆ ಚಹಾ ಅಸ್ಸಾಮಿನದಲ್ಲ, ಚೀನಾದ್ದು ಎಂದಾಗ ಗುರುದೇವಿ ತಿರುಮಲೇಶನ ಕಡೆ ನೋಡಿದರು. ಆ ಚಹಾವನ್ನು ಹಡಗಿಗೆ ಹೇರಿ ಕಳಿಸಿದ್ದು ಇದೇ ಲಂಡನ್ನಿನಿಂದ ಎಂದಾಗ ಬಾಗಿಲಲ್ಲಿ ನಿಂತಿದ್ದ ಬ್ಯಾರಿ ತಾನೇ ತಪ್ಪು ಮಾಡಿದವನ ಹಾಗೆ ನೆಲ ನೋಡಿದ. ಪೆಟ್ಟಿಗೆ ಎಷ್ಟು ಎಂದು ಅವಳು ಕೇಳಿದಾಗ ಲಕ್ಷ್ಮೀಶ ಎದ್ದು ಬಂದು ಚಾರ್ಟಿನ ಮೇಲೆ ಬೆರಳಿಟ್ಟು ಎಣಿಸತೊಡಗಿದ, ಅರವತ್ತರ ಹತ್ತಿರ ತಪ್ಪಿತು, ನಾಚಿ ಕೂತ. “ಥ್ರೀ ಹಂಡ್ರೆಡ್ ಅಂಡ್ ಫಾರ್ಟಿ ಟೂ. ಎಲ್ಲಾ ನಾನೇ ಕಟ್ ಮಾಡಿದ್ದು” ಎಂದಳು. ಅವರ ಮನೆಯಲ್ಲಿ ಚಕ್ಕುಲಿ ತಿನ್ನುತ್ತಾ ನಾನು ಕೇಳಿಸಿಕೊಳ್ಳದೆ ಬಿಟ್ಟದ್ದನ್ನೆಲ್ಲ ಅಂದು ಚಾರ್ಟಿನ ತುದಿ ಹಿಡಿದು ಕೇಳಿದೆ. ಹುಡುಗಿ ಚೆನ್ನಾಗಿ ಓದಿಕೊಂಡಿದ್ದಳು.

ಜುಂಬಾದ ಹೆಂಗಸರು ಐದು ನಿಮಿಷ ಮೊದಲೇ ಬಂದು ತಮ್ಮ ಚಾಪೆಗಳ ಮೇಲೆ ಕೂತು ಕೇಳಿದರು. ಅವರೂ ಚೀಟಿ ಬೇಕೆಂದರು. ನಾಲ್ಕಕ್ಕೆ ಒಂದು ನಿಮಿಷವಿದ್ದಾಗ ನಿಖಿತಾ ಮುಗಿಸಿದಳು. ಡಾಕ್ಟರು ನನ್ನ ಕಡೆ ಕೈ ಮಾಡಿದರು. ನಾನು ಕಾಗದವನ್ನು ಜೇಬಿನಲ್ಲೇ ಬಿಟ್ಟು, “ನಿಖಿತಾಗೆ ವಂದನೆ. ಟೀ ಕುಡಿಯಿರಿ” ಎಂದೆ. ಜನ ಚಪ್ಪಾಳೆ ತಟ್ಟಿದರು. ನನಗೆ ಇದು ಹೊಸ ಅನುಭವ.

ಉಳಿದ ಒಂದೇ ಫ್ಲಾಸ್ಕನ್ನು ಅರ್ಧರ್ಧ ಲೋಟದಂತೆ ಕಾರ್ ಪಾರ್ಕಿನಲ್ಲಿ ಹಂಚಿದೆವು. ಒಟ್ಟು ಐವತ್ತೆರಡು ಚೀಟಿ ಬಂದವು. ಡಾಕ್ಟರು ‘ಮೈಸೂರಿನ ಪ್ರಸ್ತಾಪ ಇನ್ನಷ್ಟು ಇರಬಹುದಿತ್ತು’ ಎಂದು ಬರೆದಿದ್ದರು. ಬ್ಯಾರಿ ಇಂಗ್ಲಿಷಿನಲ್ಲಿ, ‘ಬಹಳ ಕಲಿತೆ. ಸಿಂಕ್ ತೊಳೆದು ಹೋಗಿ’ ಎಂದು ಬರೆದಿದ್ದ. ಸಿಂಕನ್ನು ತಿರುಮಲೇಶನೇ ತೊಳೆದ, ಶಾಲು ಸೊಂಟಕ್ಕೆ ಕಟ್ಟಿಕೊಂಡು.

ಮುಂದಿನ ತಿಂಗಳು ಅಕ್ಸ್‌ಬ್ರಿಡ್ಜ್. ತಿರುಮಲೇಶ ಗ್ರೂಪಿನಲ್ಲಿ ಏನೂ ಹಾಕಲಿಲ್ಲ. ಹಾಕಲೇ ಎಂದು ನಿಖಿತಾಳನ್ನು ಕೇಳಿದನಂತೆ, ಅವಳು ಬೇಡವೆಂದಳಂತೆ. ನನ್ನನ್ನು ಅವಳೇ ಮನೆಗೆ ಬಂದು ಕರೆದಳು. “ಆತ್ರೇಯ ಅಂಕಲ್, ಯು ಕೆನ್ ಕಮ್. ಬಟ್ ನೋ ವಂದನಾರ್ಪಣೆ.”

ತಿರುಮಲೇಶ ಕೊನೆಯ ಸಾಲಿನಲ್ಲಿ ಮಾಮೂಲಿ ಸ್ವೆಟರ್ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿದ್ದ ಇನ್ನೊಂದು ಮಗುವಿನ ತಂದೆ ಮಾತಿಗೆಳೆದು, ನೀವು ಯಾವಾಗಲಾದರೂ ಅಮೆರಿಕಕ್ಕೆ ಹೋಗಿದ್ದೀರಾ ಎಂದು ಕೇಳಿದರು. ತಿರುಮಲೇಶ ಬಾಯಿ ತೆರೆದ, ನಿಖಿತಾಳ ಕಡೆ ನೋಡಿದ, “ಹನ್ನೊಂದು ವಾರ. ಏನೂ ನೋಡಲಿಲ್ಲ” ಎಂದ.

ತೀರ್ಪು ಬರುವ ಮೊದಲು ಬಿಡುವಿತ್ತು. ಎಲ್ಲರಿಗೂ ಹಾಲ್‌ನ ಹೊರಗೆ ಟೀ ಇಟ್ಟಿದ್ದರು. ತಿರುಮಲೇಶ ಸಾಲಿನಲ್ಲಿ ನಿಂತು ಒಂದು ಲೋಟ ಹಿಡಿದುಕೊಂಡು, ತುಳುಕದಂತೆ ನಡೆದು, ನಿಖಿತಾ ಚಾರ್ಟು ಹರಡಿಕೊಂಡು ನಿಂತಿದ್ದ ಮೇಜಿನವರೆಗೆ ಬಂದ. ಬಂದವನು ಕುಡಿಯಲಿಲ್ಲ. ಲೋಟ ಹಿಡಿದು ಮಗಳ ಮುಂದೆ ನಿಂತೇ ಇದ್ದ.

“ಏನಪ್ಪಾ?” ಎಂದಳು ನಿಖಿತಾ.

“ಕುಡೀಬಹುದಾ?”

ನಿಖಿತಾ ಲೋಟ ನೋಡಿದಳು, ಅಪ್ಪನ ಮುಖ ನೋಡಿದಳು.

“ಕುಡಿ ಅಪ್ಪ” ಎಂದಳು. “ಕೇಳಿದ್ಯಲ್ಲ.”